ಗುಳ್ಳೆ ನಿಂತಿತು ಅಂತ ಬಾಟಲಿಗೆ ತುಂಬಬೇಡಿ

ಮೊದಲ ಸಲ ಬಿಯರ್ ಮಾಡ್ತಿದ್ದೀನಿ, ನಾಲ್ಕನೇ ದಿನಕ್ಕೇ ಪಾತ್ರೆಯ ಮುಚ್ಚಳದ ಮೇಲಿನ, ಗ್ಯಾಸ್ ಹೊರಬಿಡುವ ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿದೆ, ಬಾಟಲಿಗೆ ತುಂಬಲಾ ಅಂತ ಕೇಳಿದ್ದೀರಿ. ಬೇಡ, ಸ್ವಲ್ಪ ತಡೆಯಿರಿ. ಗುಳ್ಳೆಯನ್ನು ನಂಬುವ ಹಾಗಿಲ್ಲ. ಮುಚ್ಚಳ ಸರಿಯಾಗಿ ಕೂರದಿದ್ದರೆ ಗ್ಯಾಸ್ ಅಲ್ಲಿಂದಲೇ ಹೋಗಿಬಿಡುತ್ತದೆ, ಅಲ್ವಾ?

ಒಂದು ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) ತಗೊಳ್ಳಿ. ಎರಡು ವಾರ ಆದಮೇಲೆ ಅಳೆಯಿರಿ, ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. ಎರಡು ಸಲವೂ ಒಂದೇ ಅಂಕಿ, ಉದಾಹರಣೆಗೆ 1.012, ಬಂದರೆ ಯೀಸ್ಟ್ ಕೆಲಸ ಮುಗಿಸಿದೆ ಅಂತ. ನಾನು ಅದು ಮುಗಿಯುವ ಮೊದಲೇ ಅವಸರಪಟ್ಟು ತುಂಬಿದ್ದೆ, ಒಳಗೆ ಗ್ಯಾಸ್ ಕಟ್ಟಿಕೊಂಡಿತು. ಮಧ್ಯರಾತ್ರಿ ಬಾಟಲಿ ಢಂ ಅಂತ ಒಡೆದು ಕಪಾಟೆಲ್ಲ ಅಂಟಂಟು, ಗಾಜಿನ ಚೂರು.

ತುಂಬುವಾಗ ಬಿಯರ್‌ಗೆ ನೊರೆ-ಗ್ಯಾಸ್ ಬರಲು ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು. ತೂಕ ಮಾಡಿಯೇ ಹಾಕಿ, ಚಮಚದ ಲೆಕ್ಕದಲ್ಲಿ ಜಾಸ್ತಿ ಆಗಿಬಿಡುತ್ತದೆ. ಬಾಟಲಿ ಸ್ಯಾನಿಟೈಸ್ ಮಾಡುವುದು ಮರೆಯಬೇಡಿ.