ಓದುಗರ ಪ್ರಶ್ನೆ: ಯಾರನ್ನು ವೀರ ಅನ್ನಬೇಕು?

ಪ್ರಶ್ನೆ: ಆಗಸ್ಟ್ 15ಕ್ಕೆ ಮಗಳ ಶಾಲೆಯಲ್ಲಿ ಭಾಷಣ ಸ್ಪರ್ಧೆ. ವಿಷಯ, 'ನನ್ನ ಮೆಚ್ಚಿನ ಸ್ವಾತಂತ್ರ್ಯ ವೀರ'. ಗುಂಡೇಟು ತಿಂದವರು, ನೇಣಿಗೇರಿದವರು ಮಾತ್ರ ವೀರರು ಅಂತಾಳೆ ಅವಳು. ಅದು ಸರಿಯಾ ಮೇಷ್ಟ್ರೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಅವಳಿಗೆ ಕಾರ್ನಾಡ್ ಸದಾಶಿವರಾಯರ ಕಥೆ ಹೇಳಿ. ಅವರದೇ ಹೆಸರಿನ, ಮಂಗಳೂರಿನ ಕೆ.ಎಸ್. ರಾವ್ ರೋಡಿನಲ್ಲಿ ನೀವೂ ಎಷ್ಟೋ ಸಲ ಓಡಾಡಿರುತ್ತೀರಿ. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಕಾಲೇಜು ಹುಡುಗನನ್ನು, ಈ ಕೆ.ಎಸ್. ರಾವ್ ಯಾರಪ್ಪಾ ಅಂತ ಕೇಳಿದ್ದೆ. 'ಯಾರೋ ದೊಡ್ಡ ಡಾಕ್ಟರ್ ಇರಬೇಕು ಸರ್' ಅಂದ. ವರ್ಷಗಟ್ಟಲೆ ಇತಿಹಾಸ ಪಾಠ ಮಾಡಿದ ನನಗೆ ಬಹಳ ಬೇಜಾರಾಯಿತು.

ರಾಯರು ಹುಟ್ಟಿದ್ದು 1881ರಲ್ಲಿ. ಅನುಕೂಲಸ್ಥರ ಮನೆ, ವಕೀಲಿ ಓದು. ಆರಾಮಾಗಿ ಬದುಕಬಹುದಿತ್ತು. ಆದರೆ 1911ರಲ್ಲೇ ಮಹಿಳಾ ಸಭಾ ಶುರುಮಾಡಿ ವಿಧವೆಯರಿಗೆ, ಬಡ ಹೆಂಗಸರಿಗೆ ಓದುಬರಹ, ಕೈಕೆಲಸ ಕಲಿಸಲು ಹೊರಟರು. ಆ ಕಾಲದಲ್ಲಿ ಅದಕ್ಕೆ ಎಷ್ಟು ಮಾತು ಕೇಳಬೇಕಾಗಿತ್ತು ಅಂತ ಯೋಚಿಸಿ. ಆಮೇಲೆ ಗಾಂಧೀಜಿ ದಾರಿ, ಉಪ್ಪಿನ ಸತ್ಯಾಗ್ರಹ, ಜೈಲು. ಇದ್ದ ಆಸ್ತಿಯೆಲ್ಲ ಚಳವಳಿಗೆ, ಶಾಲೆಗೆ, ಕಷ್ಟ ಅಂತ ಬಂದವರಿಗೆ ಹೋಯಿತು. 1936ರ ಕೊನೆಗೆ ಫೈಜ್‌ಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋದವರು ಜ್ವರ ಹಿಡಿದು, ಮರು ಜನವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಆಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ಇವತ್ತು ಬೆಂಗಳೂರಿನಲ್ಲಿ ಸೈಟಿಗೆ ಕೋಟಿಗಟ್ಟಲೆ ಬೆಲೆಯಿರುವ ಸದಾಶಿವನಗರ ಇವರದೇ ಹೆಸರಿನದು.

ಅವರಿಗೆ ಯಾರೂ ಗುಂಡು ಹೊಡೆಯಲಿಲ್ಲ. ಆದರೆ ಯಾವ ದಿನ ಬೇಕಾದರೂ 'ಇಷ್ಟು ಸಾಕು' ಅಂತ ಕೋರ್ಟಿಗೆ ವಾಪಸ್ ಹೋಗಬಹುದಿತ್ತು. ಯಾರೂ ಬೈಯುತ್ತಿರಲಿಲ್ಲ. ಹೋಗಲಿಲ್ಲ, ಅಲ್ವಾ? ನಾನು ವೀರ ಅನ್ನುವುದು ಇಂಥವರನ್ನೇ. ಏನೇನು ಕಳೆದುಕೊಳ್ಳಬೇಕು ಅಂತ ಗೊತ್ತಿದ್ದೂ, ಮೊದಲು ತನ್ನದನ್ನೇ ಕೊಟ್ಟವರು.

ಪ್ರಾಣ ಕೊಟ್ಟವರು ಕಡಿಮೆ ಅಂತ ಖಂಡಿತ ಹೇಳುತ್ತಿಲ್ಲ. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಹದಿಹರೆಯದಲ್ಲೇ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ನಾವು ಆ ಏಪ್ರಿಲ್ ಒಂದನ್ನಷ್ಟೇ ನೆನೆಯುತ್ತೇವೆ. ದಂಡಿಯಿಂದ ಹೊಸರಿತ್ತಿಗೆ 13 ವರ್ಷ. ಅಷ್ಟೂ ವರ್ಷ ಆತ ಸುಮ್ನೆ ಮನೆಯಲ್ಲಿ ಕೂತಿರಲಿಲ್ಲ. ಹೆಂಡತಿ ಸಿದ್ದಮ್ಮನವರೂ ಜೈಲು ಕಂಡವರು.

ಪ್ರಶ್ನೆ: ಹೆಸರೇ ಗೊತ್ತಿಲ್ಲದವರನ್ನು ವೀರರು ಅನ್ನಬಹುದೇ?
– ಇನ್ನೊಬ್ಬರು, ಶಿರಸಿ

ಉತ್ತರ: ನಿಮ್ಮ ಪಕ್ಕದ ಸಿದ್ದಾಪುರದಲ್ಲೇ ಇದ್ದಾರಲ್ಲ! ಕರ ನಿರಾಕರಣೆ ಚಳವಳಿಯಲ್ಲಿ ಅಲ್ಲಿನ, ಅಂಕೋಲೆಯ ರೈತರು ಕಂದಾಯ ಕಟ್ಟದೆ ಜಮೀನು, ಮನೆ ಸಾಮಾನು ಕಳೆದುಕೊಂಡರು. ಕಂದಾಯ ಕಟ್ಟಿದ್ದರೆ ಎಲ್ಲವೂ ಉಳಿಯುತ್ತಿತ್ತು. ಮಾವಿನಗುಂಡಿಯಲ್ಲಿ, ಜಪ್ತಾದ ಆಸ್ತಿ ಕೊಂಡವರ ಮನೆ ಮುಂದೆ ಹೆಂಗಸರೇ ಉಪವಾಸ ಕೂತರು. ಅಲ್ಲಿ ಸ್ಮಾರಕ ಇದೆ. ಜೋಗಕ್ಕೆ ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹತ್ತು ನಿಮಿಷ ಇಳಿಯಿರಿ. ಊರಿನ ಹಿರಿಯರು ಸಿಕ್ಕರೆ, ಆ ಹೆಂಗಸರು ಯಾವ ಯಾವ ಮನೆಯವರು ಅಂತ ಕೇಳಿ ಬರೆದಿಟ್ಟುಕೊಳ್ಳಿ.