‘ನಾರಿಕೇಳ’ದಲ್ಲಿ ನಾರಿ ಇದ್ದಾಳೆಯೇ?

ತಿಪಟೂರು ಕಡೆಯ ತೆಂಗಿನ ತೋಟದವರೊಬ್ಬರು ಬರೆದಿದ್ದಾರೆ: ‘ಗೃಹಪ್ರವೇಶವೊಂದರಲ್ಲಿ ಹಿರಿಯರೊಬ್ಬರು, ನಾರಿಕೇಳ ಎಂದರೆ ನಾರಿಯ ಕೇಳಿ, ಅಂದರೆ ಹೆಣ್ಣಿನ ಆಟ, ಅದಕ್ಕೇ ಹೆಂಗಸರು ತೆಂಗಿನಕಾಯಿ ಒಡೆಯಬಾರದು ಎಂದರು. ನನ್ನ ಮಗಳು ಒಪ್ಪಲಿಲ್ಲ. ನಿಜವಾದ ಅರ್ಥವೇನು? ಸಂಸ್ಕೃತದ ಹಳೆಯ ನಿಘಂಟು ಅಮರಕೋಶದಲ್ಲಿ ತೆಂಗಿಗೆ ಲಾಂಗಲೀ ಅಂತಲೂ ಇದೆಯಲ್ಲ, ಅದೇನು?’

ನಿಮ್ಮ ಮಗಳು ಒಪ್ಪದೇ ಇದ್ದದ್ದು ಸರಿ. ಅವರು ಧಾರಾಳವಾಗಿ ಕಾಯಿ ಒಡೆಯಲಿ. ‘ನಾರಿಯ ಕೇಳಿ’ ಎನ್ನುವುದು ಕಿವಿಗೆ ಹೊಂದುತ್ತದೆ ಅಂತ ಸುಮ್ನೆ ಕಟ್ಟಿದ ಅರ್ಥ. ಸಂಸ್ಕೃತದಲ್ಲಿ ಈ ಪದಕ್ಕೆ ಒಂದೇ ರೂಪವೂ ಇಲ್ಲ. ನಾರಿಕೇಲ, ನಾರಿಕೇರ, ನಾಲಿಕೇರ, ನಾಳಿಕೇರ ಎಂದು ರ, ಲ, ಳ ಅದಲುಬದಲಾಗುತ್ತವೆ. ಮೂಲದಲ್ಲಿ ‘ನಾರಿ’ ಇದ್ದಿದ್ದರೆ ಅದು ‘ನಾಳಿ’ ಯಾಕಾಗಬೇಕಿತ್ತು? ಬೇರೆ ನುಡಿಯಿಂದ ಬಂದ ಪದವನ್ನು ಜನ ಕೇಳಿಸಿದ ಹಾಗೆ ಬರೆದುಕೊಂಡಾಗ ಹೀಗಾಗುವುದು ಜಾಸ್ತಿ. ವೇದಗಳಲ್ಲಂತೂ ತೆಂಗಿನ ಮಾತೇ ಇಲ್ಲ. ಹಳೆಯ ವೇದ ಹುಟ್ಟಿದ ಪಂಜಾಬಿನ ಚಳಿಯಲ್ಲಿ ಈ ಮರ ಬಾಳುವುದೂ ಇಲ್ಲ. ಸಂಸ್ಕೃತಕ್ಕೆ ಮರವೂ ಹೆಸರೂ ಕರಾವಳಿಯ ಜನರಿಂದ ಸಿಕ್ಕಿದವು.

ನನಗೆ ತುಂಬ ಇಷ್ಟವಾದ ಸಾಕ್ಷಿ ನಾಸಿಕದ ಗುಹೆಯಲ್ಲಿದೆ. ದೊರೆ ನಹಪಾನನ ಅಳಿಯ ಉಷವದಾತ ಸುಮಾರು 1,900 ವರ್ಷಗಳ ಹಿಂದೆ ತಾನು ಮಾಡಿದ ದಾನಗಳ ಪಟ್ಟಿಯನ್ನು ಅಲ್ಲಿ ಕೆತ್ತಿಸಿದ್ದಾನೆ. ಭಿಕ್ಷುಗಳ ಬಟ್ಟೆಗೆಂದು ಬಡ್ಡಿಗೆ ಇಟ್ಟ ಹಣದ ಲೆಕ್ಕದ ಜೊತೆಗೇ ಚಿಖಲಪದ್ರ ಎಂಬ ಹಳ್ಳಿಯ 8,000 ತೆಂಗಿನ ಮರಗಳ ಲೆಕ್ಕವೂ ಇದೆ. ಕಲ್ಲಿನ ಮೇಲೆ ಇರುವ ಪದ ‘ನಾಳಿಗೇರ’. ಮರಗಳನ್ನು ಎಣಿಸಿರುವುದು ‘ಮೂಲ’ ಎಂದು. ನೀವು ತೋಟದಲ್ಲಿ ಇಷ್ಟು ಬುಡ ಅಂತೀರಲ್ಲ, ಹಾಗೆಯೇ. ಇದು ಪಂಡಿತರ ಪದವಲ್ಲ, ತೋಟದ ಲೆಕ್ಕದಲ್ಲಿ ಓಡಾಡುತ್ತಿದ್ದ ಪದ.

ಹಾಗಾದರೆ ಇದು ಯಾರ ಪದ? ವಿದ್ವಾಂಸರಲ್ಲಿ ಮುಖ್ಯವಾಗಿ ಎರಡು ವಾದಗಳಿವೆ. ಕೆಲವರು ಮೊದಲ ಭಾಗದಲ್ಲಿ ನಮ್ಮ ‘ನಾರು’ ಕಾಣುತ್ತಾರೆ. ತಮಿಳು, ಮಲಯಾಳಂನಲ್ಲೂ ಅದು ‘ನಾರ್’. ಇನ್ನು ಕೆಲವರು ಸಮುದ್ರದಾಚೆ ನೋಡುತ್ತಾರೆ. ಮಲಯ ಭಾಷೆಯಲ್ಲಿ ತೆಂಗು ‘ನ್ಯಿಯುರ್’, ಫಿಲಿಪ್ಪೀನ್ಸಿನಲ್ಲಿ ‘ನಿಯೋಗ್’, ಹವಾಯಿಯಲ್ಲಿ ‘ನಿಯು’. ಹಡಗಿನವರ ಜೊತೆ ಆ ಪದ ಬಂತು ಎನ್ನುವುದು ಅವರ ವಾದ.

ನಾನು ನಾರಿನ ಕಡೆಗೇ ವಾಲುತ್ತೇನೆ. ಮಚ್ಚು ಹಾಕಿದ ಕೂಡಲೇ ಕೈಗೆ ಸಿಗುವುದು ನಾರು. ಹಗ್ಗ ಹೊಸೆಯುವುದು, ಹಲಗೆ ಹೊಲಿದು ದೋಣಿ ಕಟ್ಟುವುದು ಅದರಿಂದಲೇ. 2011ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನವೊಂದು, ತೆಂಗನ್ನು ಮನುಷ್ಯರು ಎರಡು ಕಡೆ ಬೇರೆ ಬೇರೆಯಾಗಿ ಬೆಳೆಸಲು ಶುರುಮಾಡಿದರು ಎಂದಿತು: ಒಂದು ಪೆಸಿಫಿಕ್ ಕಡೆ, ಇನ್ನೊಂದು ಹಿಂದೂ ಮಹಾಸಾಗರದ ಕಡೆ. ನಮ್ಮಲ್ಲೇ ಪಳಗಿದ ಮರಕ್ಕೆ ನಮ್ಮಲ್ಲೇ ಹೆಸರು ಹುಟ್ಟುವುದು ಸಹಜ ಅಲ್ವಾ?

ಪದ ಇಲ್ಲಿಗೇ ನಿಲ್ಲಲಿಲ್ಲ. ಪರ್ಷಿಯನ್ನರಲ್ಲಿ ‘ನಾರ್ಗೀಲ್’, ಅರಬರಲ್ಲಿ ‘ನಾರ್ಜೀಲ್’ ಆಯಿತು. ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿ ಹುಕ್ಕಾ ಸೇದುತ್ತಿದ್ದುದರಿಂದ ತುರ್ಕಿಯಲ್ಲಿ ಹುಕ್ಕಾಕ್ಕೇ ‘ನರ್ಗಿಲೆ’ ಎಂಬ ಹೆಸರು ನಿಂತಿತು.

ಅಮರಕೋಶದಲ್ಲಿ ಇನ್ನೂ ಒಂದು ಸೊಗಸಿದೆ. ತೆಂಗು, ಅಡಿಕೆ, ತಾಳೆ, ಖರ್ಜೂರಗಳನ್ನೆಲ್ಲ ಅದು ‘ತೃಣದ್ರುಮ’, ಅಂದರೆ ಹುಲ್ಲುಮರ ಎನ್ನುತ್ತದೆ. ಕಡಿದ ತೆಂಗಿನ ಕಾಂಡ ನೋಡಿ. ತೇಗದಲ್ಲಿ ಕಾಣುವ ವರ್ಷದ ಉಂಗುರಗಳು ಇಲ್ಲ, ಬರೀ ನಾರಿನ ಚುಕ್ಕಿಗಳು. ಇಂದಿನ ಸಸ್ಯಶಾಸ್ತ್ರವೂ ಇವನ್ನು ಹುಲ್ಲು, ಬಿದಿರು, ರಾಗಿಯ ಜೊತೆ ಏಕದಳಗಳ ಗುಂಪಿಗೇ ಸೇರಿಸುತ್ತದೆ.

ಇನ್ನು ಲಾಂಗಲೀ. ಲಾಂಗಲ ಎಂದರೆ ನೇಗಿಲು. ನಮ್ಮ ‘ನೇಗಿಲು’, ತಮಿಳಿನ ‘ನಾಂಜಿಲ್’ ಅದರ ಬಳಗದವೇ ಎಂದು ವಿದ್ವಾಂಸರು ಜೋಡಿಸುತ್ತಾರೆ. ಒಡೆಯದ ಹೊಂಬಾಳೆ ಮೊನಚಾಗಿ ಬಾಗಿರುವುದನ್ನು ನೀವು ದಿನಾ ನೋಡುತ್ತೀರಿ. ಹೆಸರು ಅಲ್ಲಿಂದ ಬಂದಿರಬೇಕು ಎಂಬುದು ನನ್ನ ಊಹೆ. ಆದರೆ ಒಂದು ಎಚ್ಚರಿಕೆ. ಗೌರಿ ಹೂ ಅಥವಾ ಅಗ್ನಿಶಿಖೆ ಎನ್ನುವ ಬಳ್ಳಿಗೂ ಲಾಂಗಲೀ ಎಂದೇ ಹೆಸರು. ಅದರ ಗೆಡ್ಡೆ ಕಡು ವಿಷ. ಹಳೆಯ ವೈದ್ಯದ ಪುಸ್ತಕದಲ್ಲಿ ಈ ಪದ ಕಂಡರೆ ತೆಂಗು ಅಂತ ಓದಿಕೊಂಡು ಮನೆಯಲ್ಲಿ ಮದ್ದು ಮಾಡಲು ಹೋಗಬೇಡಿ, ತಿಳಿದ ವೈದ್ಯರನ್ನು ಕೇಳಿ.