ಕಡಿಮೆ ಸಂಬಳದ ಓದಿಗೆ ಮಗಳನ್ನು ಸೇರಿಸಬಹುದೇ?

ಪ್ರಶ್ನೆ: ನಾವು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರು. ಸರ್ಕಾರಿ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಕಲಾ ವಿಭಾಗ ಮುಗಿಸಿ ಶೇ 91 ಅಂಕ ಪಡೆದಿರುವ ಮಗಳು ಇತಿಹಾಸ, ಕನ್ನಡ ತೆಗೆದುಕೊಂಡು ಬಿ.ಎ. ಓದುತ್ತೇನೆ ಎನ್ನುತ್ತಾಳೆ. ಕೆರೆ ಏರಿಯ ಮೇಲಿರುವ ವೀರಗಲ್ಲಿನ ಅಕ್ಷರಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದು, ರಾತ್ರಿಯೆಲ್ಲ ಅದನ್ನೇ ಬಿಡಿಸುತ್ತಾ ಕೂರುವ ಹುಡುಗಿ ಅವಳು. ನನ್ನ ಭಾವಮೈದುನ ಮಾತ್ರ, ‘ಬಿ.ಎ. ಓದಿದವರಿಗೆ ಹೊಟ್ಟೆಗೆ ಹಿಟ್ಟಿಲ್ಲ, ಸಾಲ ಮಾಡಿಯಾದರೂ ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಬಿ.ಸಿ.ಎ.ಗೆ ಸೇರಿಸಿ’ ಎಂದು ಪಟ್ಟು ಹಿಡಿದಿದ್ದಾರೆ. ಏನು ಮಾಡಲಿ?
– ಒಬ್ಬ ತಂದೆ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ನಿಮ್ಮ ಭಾವಮೈದುನರ ಮಾತಿನಲ್ಲಿ ಅರ್ಧ ಸತ್ಯವಿದೆ. ಬಿ.ಎ. ಪದವಿಯೊಂದನ್ನೇ ನಂಬಿ ಹೊರಟವರಿಗೆ ಮನೆ ನಡೆಸುವಷ್ಟು ಸಂಬಳದ ಕೆಲಸ ಸಿಗುವುದು ಕಷ್ಟ. ಆದರೆ ಆಸಕ್ತಿಯಿಲ್ಲದೆ ಓದಿ ಸಾಧಾರಣ ಅಂಕ ತೆಗೆದ ಬಿ.ಸಿ.ಎ. ಪದವೀಧರರ ಸ್ಥಿತಿಯೂ ಇದಕ್ಕಿಂತ ಬಹಳ ಮೇಲೇನಲ್ಲ. ಸಾಲದ ಕಂತು ಮಾತ್ರ ಅವರಿಗೆ ಹೆಚ್ಚುವರಿ. ಚಾಕಿ (ಎಳೆಯ ರೇಷ್ಮೆಹುಳು) ತಂದ ದಿನದ ದರ ಗೂಡು ಹರಾಜಿಗೆ ಬಂದ ದಿನ ಇರುವುದಿಲ್ಲ ಎಂಬುದನ್ನು ಶಿಡ್ಲಘಟ್ಟದ ಮಾರುಕಟ್ಟೆ ನಿಮಗೆ ಕಲಿಸಿಯೇ ಇರುತ್ತದೆ. 2023ರಿಂದೀಚೆಗೆ ಐಟಿ ಕಂಪನಿಗಳು ಹೊಸಬರ ನೇಮಕಾತಿಗೆ ಹಿಂದೇಟು ಹಾಕಿದಾಗ ಕಂಪ್ಯೂಟರ್ ಓದಿದವರಿಗೂ ಅದೇ ಅನುಭವವಾಯಿತು.

ನನ್ನ ಅಭಿಪ್ರಾಯ ಇಷ್ಟು: ಸಂಬಳ ಕಡಿಮೆಯಿರುವ ಓದು ಸಾಲವಿಲ್ಲದೆ ಮುಗಿಯುವುದಾದರೆ ತಡೆಯಬೇಡಿ, ಸಾಲ ಮಾಡಲೇಬೇಕಾದರೆ ಸೇರಿಸಬೇಡಿ. ನಿಮ್ಮ ಮಗಳ ವಿಷಯದಲ್ಲಿ ಸಾಲದ ಅಗತ್ಯ ಕಾಣುವುದಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಶುಲ್ಕ ಅಲ್ಪ. ಶಕ್ತಿ ಯೋಜನೆಯಿರುವುದರಿಂದ ಬಸ್ಸಿನ ಖರ್ಚಿಲ್ಲ. ಹತ್ತನೆಯ ತರಗತಿಯನ್ನೂ ಅವಳು ಸರ್ಕಾರಿ ಶಾಲೆಯಲ್ಲೇ ಓದಿದ್ದರೆ, ಅಂಥ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೊಡುವ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ.

ಇನ್ನು ಮುಂದಿನ ದಾರಿಯ ಬಗ್ಗೆ. ಇತಿಹಾಸದಂಥ ವಿಷಯದಲ್ಲಿ ಸಂಬಳ ಬರುವುದು ಮೊದಲ ಪದವಿಗಲ್ಲ, ಅದರ ಮೇಲೆ ಪಡೆಯುವ ಎರಡನೆಯ ಅರ್ಹತೆಗೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ, ಬಿ.ಇಡಿ. ಎರಡು ವರ್ಷ. ಅಂದರೆ ಐದು ವರ್ಷ ಓದಿ, ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ ತೇರ್ಗಡೆಯಾದರೆ, ಆರರಿಂದ ಎಂಟನೆಯ ತರಗತಿಯ ಪದವೀಧರ ಶಿಕ್ಷಕರ ನೇಮಕಾತಿ ಪರೀಕ್ಷೆಯನ್ನು ಬರೆಯಬಹುದು. 2022ರಲ್ಲಿ ಇಂಥ 15,000 ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ಹಾಗೆಂದು ಪ್ರತಿವರ್ಷ ಕರೆಯುತ್ತಾರೆ ಎಂದುಕೊಳ್ಳಬೇಡಿ. ಪಿಯು ಉಪನ್ಯಾಸಕಿಯಾಗಲು ಎಂ.ಎ. ಮತ್ತು ಬಿ.ಇಡಿ. ಎರಡೂ ಬೇಕಾಗಿರುವುದರಿಂದ ಏಳು ವರ್ಷ ಹಿಡಿಯುತ್ತದೆ. ಪಿಡಿಒ, ಕೆಎಎಸ್, ಬ್ಯಾಂಕ್ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು.

ಇಲ್ಲಿ ಬಹಳ ಜನ ಎಡವುವುದು ವಿಷಯಗಳ ಜೋಡಿಯಲ್ಲಿ. ಕಾಲೇಜಿನ ಗುಮಾಸ್ತರು ಸೀಟು ಖಾಲಿಯಿರುವ ಜೋಡಿಯನ್ನು ಸೂಚಿಸುತ್ತಾರೆ, ಮಕ್ಕಳು ತಲೆಯಾಡಿಸುತ್ತಾರೆ. ಐದು ವರ್ಷದ ನಂತರ ಆ ಜೋಡಿ ತಮಗೆ ಬೇಕಾದ ಹುದ್ದೆಗೆ ಸಲ್ಲುವುದಿಲ್ಲ ಎಂಬುದು ತಿಳಿಯುತ್ತದೆ. ಆದ್ದರಿಂದ ಹಿಂದಿನ ನೇಮಕಾತಿ ಅಧಿಸೂಚನೆಯ ವಿದ್ಯಾರ್ಹತೆಯ ಪುಟವನ್ನು ಮಗಳೊಂದಿಗೆ ಕುಳಿತು ಓದಿ, ಆಮೇಲೆ ಪ್ರವೇಶದ ಅರ್ಜಿ ತುಂಬಿ.

ವೀರಗಲ್ಲಿನ ವಿಷಯ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಗಣಿತ ಕಷ್ಟವೆಂದು ಕಲಾ ವಿಭಾಗಕ್ಕೆ ಬಂದವರು ಈ ಕೆಲಸ ಮಾಡುವುದಿಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಅಂದಿನ ಕೋಲಾರ ಜಿಲ್ಲೆಯ ಶಾಸನಗಳದ್ದು, ಅದರಲ್ಲಿ ಶಿಡ್ಲಘಟ್ಟದ ಭಾಗವೂ ಇದೆ. ತನ್ನ ಓದು ಎಷ್ಟು ಸರಿ ಎಂದು ಅವಳು ಅದರೊಂದಿಗೆ ಹೋಲಿಸಿ ನೋಡಲಿ. ಆದರೆ ಶಾಸನ ಓದುವವರಿಗಿರುವ ಹುದ್ದೆಗಳು ಬೆರಳೆಣಿಕೆಯವು. ಮೈಸೂರಿನಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗವಿದೆಯೆಂದು ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ನಿಮ್ಮ ಸೀಮೆಯಲ್ಲಿ ತೆಲುಗು ತಾನಾಗಿಯೇ ಬರುತ್ತದೆ. ಇಂಗ್ಲಿಷನ್ನು ಮಾತ್ರ ಈ ಮೂರು ವರ್ಷದಲ್ಲಿ ಬಿಡದೆ ಕಲಿಯಬೇಕು.

ನಾನು ಹೆಚ್ಚು ಹೆದರುವುದು ಎಂ.ಎ. ನಂತರದ ದಿನಗಳಿಗೆ. ಅತಿಥಿ ಉಪನ್ಯಾಸಕರಾಗಿ ಸೇರಿ, ರಜೆಯ ತಿಂಗಳುಗಳಲ್ಲಿ ಗೌರವಧನವಿಲ್ಲದೆ, ಕಾಯಮಾತಿಯ ಆಸೆಯಲ್ಲಿ ಹತ್ತು ಹದಿನೈದು ವರ್ಷ ಕಳೆದವರು ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಎಂ.ಎ.ಯ ಎರಡನೆಯ ವರ್ಷದಲ್ಲೇ ಪದವಿ ಕಾಲೇಜಿನ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆಯಲಿ. ಅದು ಎರಡು ಮೂರು ಬಾರಿಗೂ ಕೈಗೂಡದಿದ್ದರೆ ಅತಿಥಿ ಉಪನ್ಯಾಸಕ ಹುದ್ದೆಯ ಕಡೆ ತಿರುಗದೆ ಬಿ.ಇಡಿ.ಗೆ ಸೇರುವುದು ಎಂಬ ಮಾತನ್ನು ಅವಳೂ ನೀವೂ ಈಗಲೇ ಆಡಿಕೊಂಡಿರಿ.